ಲೂಮ್ ಪೊಂಚೊ ಅಂಚು ಸುರುಳಿ ಸುತ್ತಿಕೊಂಡರೆ: ನನ್ನ ಅನುಭವ

41 ಗೂಟದ ದುಂಡು ಲೂಮ್‌ನಲ್ಲಿ (ಗೂಟಗಳಿಗೆ ನೂಲು ಸುತ್ತಿ ಹೆಣೆಯುವ ಚೌಕಟ್ಟು) ಪೊಂಚೊಗೆ (ತಲೆ ತೂರಿಸಿ ಹಾಕುವ ಮೇಲುಡುಪು) ಎರಡು ಉದ್ದ ತುಂಡು ಹೆಣೆದೆ. ಲೂಮ್‌ನಿಂದ ಬಿಡಿಸಿದ ಕೂಡಲೇ ಕೆಳಗಿನ ಅಂಚು ಮುಂದಕ್ಕೆ, ಪಕ್ಕದ ಅಂಚು ಹಿಂದಕ್ಕೆ ಸುತ್ತಿಕೊಂಡಿತು. ಒದ್ದೆ ಮಾಡಿ, ಪಿನ್ ಚುಚ್ಚಿ ಒಣಗಿಸಿದೆ. ಮರುದಿನ ಮತ್ತೆ ಅದೇ ಕಥೆ. ಸುತ್ತ ಕ್ರೋಶಾ ಹಾಕಿದರೂ ನಿಲ್ಲಲಿಲ್ಲ. ಇಸ್ತ್ರಿ ಅಂತೂ ಬೇಡ, ಅಕ್ರಿಲಿಕ್ ಉಲ್ಲನ್ ಚಪ್ಪಟೆಯಾಗಿಬಿಡುತ್ತೆ.

ಬರೀ ನಿಟ್ (ಸಾದಾ ಹೆಣಿಗೆ) ಹಾಕಿದ್ದೇ ಕಾರಣ. ಪೂರ್ತಿ ಬಿಚ್ಚಿ ಹೀಗೆ ಮಾಡಿದೆ: ಮೊದಲ 8 ಸಾಲು, ಒಂದು ಸಾಲು ನಿಟ್, ಒಂದು ಸಾಲು ಪರ್ಲ್ (ನಿಟ್‌ನ ಉಲ್ಟಾ ಹೆಣಿಗೆ). ಆಮೇಲೆ ಎಲ್ಲ ನಿಟ್, ಆದರೆ ಎರಡೂ ತುದಿಯ 5 ಗೂಟಗಳಲ್ಲಿ ಸಾಲು ಬಿಟ್ಟು ಸಾಲು ಪರ್ಲ್. ಕೊನೆಗೆ ಮತ್ತೆ ಮೊದಲಿನಂತೆ 8 ಸಾಲು. ಪರ್ಲ್ ಹಾಕುವಾಗ ನೂಲು ಗೂಟದ ಕುಣಿಕೆಗಿಂತ ಕೆಳಗಿರಬೇಕು. ಕೊಕ್ಕೆಯನ್ನು ಮೇಲಿಂದ ಕುಣಿಕೆಯೊಳಗೆ ಇಳಿಸಿ, ನೂಲನ್ನು ಮೇಲೆಳೆದು, ಹಳೇ ಕುಣಿಕೆ ತೆಗೆದು ಹೊಸದನ್ನು ಗೂಟಕ್ಕೆ ಹಾಕಿ. ಜಾಸ್ತಿ ಬಿಗಿ ಎಳೆಯಬೇಡಿ.