‘ಹದಗೆಟ್ಟಿತು’ ಎನ್ನಲು ಯಾವ ಇಂಗ್ಲಿಷ್ ಪದ? ನಾನು ಕಲಿಸುವ ಬಗೆ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಬರವಣಿಗೆ ಕಲಿಸುವಾಗ ಒಂದು ಗುಂಪಿನ ಪದಗಳಿಗೆ ನಾನು ಬೇರೆಯೇ ಸಮಯ ತೆಗೆದಿಡುತ್ತೇನೆ. ವರ್ಸನ್, ಡಿಟೀರಿಯೊರೇಟ್, ಅಗ್ರವೇಟ್, ಎಕ್ಸಾಸರ್ಬೇಟ್, ಎಸ್ಕಲೇಟ್, ಇಂಟೆನ್ಸಿಫೈ, ಡೀಪನ್, ಮೌಂಟ್. ನಿಘಂಟು ತೆರೆದರೆ ಇವಕ್ಕೆಲ್ಲ ಸಿಗುವುದು ಹೆಚ್ಚುಕಡಿಮೆ ಒಂದೇ ಅರ್ಥ: ಹೆಚ್ಚಾಗು, ಉಲ್ಬಣಗೊಳ್ಳು, ಕೆಡು. ಅರ್ಥ ಗೊತ್ತಿದ್ದೂ ವಾಕ್ಯ ಕೆಡುವುದು ಇಲ್ಲಿಯೇ. ಅರ್ಥ ಬಾಯಿಪಾಠ ಮಾಡಿ ಇವುಗಳನ್ನು ಬೇರ್ಪಡಿಸಲು ಆಗುವುದಿಲ್ಲ. ಮೂರು ಪ್ರಶ್ನೆ ಕೇಳಿದರೆ ಬೇರ್ಪಡುತ್ತವೆ. ತಾನಾಗಿ ಕೆಟ್ಟಿತೋ, ಯಾವುದೋ ಒಂದು ಕೆಡಿಸಿತೋ? ಕೆಟ್ಟಿದ್ದು ಏನು? ನಿಧಾನವಾಗಿ ಕೆಟ್ಟಿತೋ, ಒಮ್ಮೆಲೇ ಕೆಟ್ಟಿತೋ?

ಮೊದಲ ಪ್ರಶ್ನೆಗೆ ಉತ್ತರ ಹುಡುಕಲು ಕನ್ನಡವೇ ಸಾಕು. ಹದಗೆಟ್ಟಿತು, ಹದಗೆಡಿಸಿತು. ಕೆರಳಿದ, ಕೆರಳಿಸಿದ. ಹೆಚ್ಚಿತು, ಹೆಚ್ಚಿಸಿತು. ಇಂಗ್ಲಿಷ್ ವಾಕ್ಯಕ್ಕೆ ಕೈಹಾಕುವ ಮೊದಲು ಅದನ್ನೇ ಕನ್ನಡದಲ್ಲಿ ಬರೆಸುತ್ತೇನೆ. ಕ್ರಿಯಾಪದದಲ್ಲಿ ‘ಇಸು’ ಬಂದರೆ ಕೆಡಿಸಿದ್ದು ಬೇರೊಂದಿದೆ ಎಂದರ್ಥ. ಎಕ್ಸಾಸರ್ಬೇಟ್, ಅಗ್ರವೇಟ್ ಎರಡೂ ಆ ಜಾತಿಯವು. ಕೆಡಿಸುವುದು ಒಂದು, ಕೆಡುವುದು ಇನ್ನೊಂದು ವಾಕ್ಯದಲ್ಲಿ ಇರಲೇಬೇಕು. ‘ದ ಡಸ್ಟ್ ಎಕ್ಸಾಸರ್ಬೇಟೆಡ್ ಹಿಸ್ ಆಸ್ತಮಾ’ ಸರಿ. ‘ಹಿಸ್ ಆಸ್ತಮಾ ಎಕ್ಸಾಸರ್ಬೇಟೆಡ್’ ಎಂದು ನಿಲ್ಲಿಸಿದರೆ ತಪ್ಪು. ಡಿಟೀರಿಯೊರೇಟ್, ಮೌಂಟ್ ಇದಕ್ಕೆ ಎದುರು ದಿಕ್ಕಿನವು: ತಾವಾಗಿ ಆಗುವ ಕ್ರಿಯೆಗಳು. ವರ್ಸನ್, ಇಂಟೆನ್ಸಿಫೈ, ಡೀಪನ್, ಎಸ್ಕಲೇಟ್ ಎರಡೂ ಕಡೆ ನಡೆಯುತ್ತವೆ. ಅನುಮಾನ ಬಂದಾಗ ವರ್ಸನ್ ಬಳಸಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ‘ದ ಸಿಚುಯೇಷನ್ ವರ್ಸನ್ಡ್’ ಎಂದರೂ ಸರಿ, ‘ದ ರೇನ್ ವರ್ಸನ್ಡ್ ದ ಸಿಚುಯೇಷನ್’ ಎಂದರೂ ಸರಿ.

ಇಸು ಪರೀಕ್ಷೆ ಕೈಕೊಡುವ ಎರಡು ಪದಗಳನ್ನು ಮೊದಲೇ ತಿಳಿದುಕೊಂಡಿರಬೇಕು. ಉಲ್ಬಣಿಸು, ಬಿಗಡಾಯಿಸು. ಕೊನೆಯಲ್ಲಿ ಇಸು ಇದ್ದರೂ ಇವು ತಾನಾಗಿ ಆಗುವುದನ್ನೇ ಹೇಳುತ್ತವೆ: ರೋಗ ಉಲ್ಬಣಿಸಿತು, ಪರಿಸ್ಥಿತಿ ಬಿಗಡಾಯಿಸಿತು. ಪತ್ರಿಕೆ ಓದುವ ಅಭ್ಯಾಸ ಇರುವವರಿಗೆ ಮೊದಲು ನೆನಪಾಗುವ ಪದಗಳೂ ಇವೇ. ಆದ್ದರಿಂದ ಪರೀಕ್ಷೆ ಮಾಡುವಾಗ ಇವೆರಡನ್ನು ಬದಿಗಿಟ್ಟು ಹದಗೆಡು, ಹದಗೆಡಿಸು ಜೋಡಿಯನ್ನೇ ಹಾಕಿ ನೋಡಬೇಕು.

ಅತಿ ಹೆಚ್ಚು ಕಾಣುವ ತಪ್ಪು ‘ದ ಪೇಷಂಟ್ಸ್ ಕಂಡಿಷನ್ ವಾಸ್ ಡಿಟೀರಿಯೊರೇಟೆಡ್’. ರೋಗಿಗೆ ಏನೋ ಆಯಿತಲ್ಲ, ಹಾಗಾಗಿ ಕರ್ಮಣಿ ಪ್ರಯೋಗ ಇರಬೇಕು ಎಂಬ ಊಹೆ ಇದರ ಹಿಂದಿದೆ. ‘ವಾಸ್ ಡ್ಯಾಮೇಜ್ಡ್’ ಎಂಬ ಅಚ್ಚಿನಲ್ಲೇ ಇದನ್ನೂ ಎರಕ ಹೊಯ್ಯುತ್ತಾರೆ. ಆಗ ನಾನು ಕೇಳುವುದು ಒಂದೇ: ಆರೋಗ್ಯ ‘ಹದಗೆಡಲಾಯಿತು’ ಎಂದು ಯಾರಾದರೂ ಹೇಳುತ್ತಾರೆಯೇ? ಇಲ್ಲವೆಂದ ಮೇಲೆ ‘ವಾಸ್’ ಕಿತ್ತುಹಾಕಿ. ‘ದ ಪೇಷಂಟ್ಸ್ ಕಂಡಿಷನ್ ಡಿಟೀರಿಯೊರೇಟೆಡ್ ಓವರ್‌ನೈಟ್’. ಇನ್ನೂ ಕೆಡುತ್ತಲೇ ಇದ್ದರೆ ‘ಹ್ಯಾಸ್ ಬೀನ್ ಡಿಟೀರಿಯೊರೇಟಿಂಗ್’. ನರ್ಸಿಂಗ್ ಓದಿ ಹೊರದೇಶದ ಭಾಷಾ ಪರೀಕ್ಷೆಗೆ ಕೂರುವವರಿಗೆ ಈ ವಾಕ್ಯ ಬಹಳ ಮುಖ್ಯ. ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆಯಾದ ಒಇಟಿಯ ಬರವಣಿಗೆ ಭಾಗದಲ್ಲಿ ಕೇಸ್ ನೋಟ್ಸ್, ಅಂದರೆ ರೋಗಿಯ ವಿವರಗಳ ಟಿಪ್ಪಣಿ, ಓದಲು 5 ನಿಮಿಷ, ಪತ್ರ ಬರೆಯಲು 40 ನಿಮಿಷ. ಪತ್ರ 180ರಿಂದ 200 ಪದ. ರೋಗಿಯ ಸ್ಥಿತಿ ಯಾವಾಗಿನಿಂದ, ಯಾವುದರಿಂದ ಕೆಟ್ಟಿತು ಎಂಬುದೇ ಎಷ್ಟೋ ಪತ್ರಗಳ ತಿರುಳು.

ಆಸ್ಪತ್ರೆಯಲ್ಲಿ ಈ ಪದಗಳು ತಮ್ಮ ತಮ್ಮ ಜಾಗದಲ್ಲಿ ಗಟ್ಟಿಯಾಗಿ ಕೂತಿವೆ. ಸ್ಥಿತಿ ಒಟ್ಟಾರೆ ಇಳಿದರೆ ಡಿಟೀರಿಯೊರೇಟ್. ಹಳೆಯ ಕಾಯಿಲೆ ಮತ್ತೆ ಜೋರಾದರೆ ‘ಅಕ್ಯೂಟ್ ಎಕ್ಸಾಸರ್ಬೇಷನ್’. ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಸಿಓಪಿಡಿ ಇರುವವರ ಡಿಸ್ಚಾರ್ಜ್ ಪತ್ರದಲ್ಲಿ ಇದನ್ನು ಕಾಣಬಹುದು. ಏನು ಮಾಡಿದರೆ ನೋವು ಹೆಚ್ಚುತ್ತದೆ ಎಂಬುದು ‘ಅಗ್ರವೇಟಿಂಗ್ ಫ್ಯಾಕ್ಟರ್’, ಏನು ಮಾಡಿದರೆ ತಗ್ಗುತ್ತದೆ ಎಂಬುದು ‘ರಿಲೀವಿಂಗ್ ಫ್ಯಾಕ್ಟರ್’. ನ್ಯಾಯಾಲಯದಲ್ಲೂ ಅಗ್ರವೇಟ್‌ಗೆ ತನ್ನದೇ ಸ್ಥಾನವಿದೆ. 1980ರ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮರಣದಂಡನೆ ಕೊಡುವ ಮುನ್ನ ಅಪರಾಧದ ತೂಕ ಹೆಚ್ಚಿಸುವ ಸಂಗತಿಗಳನ್ನೂ ತಗ್ಗಿಸುವ ಸಂಗತಿಗಳನ್ನೂ ಎರಡೂ ನೋಡಬೇಕೆಂದಿತು. ಮೊದಲನೆಯವು ‘ಅಗ್ರವೇಟಿಂಗ್ ಸರ್ಕಮ್‌ಸ್ಟನ್ಸಸ್’. ಪದದ ಲ್ಯಾಟಿನ್ ಬೇರು ‘ಗ್ರಾವಿಸ್’, ಭಾರ. ಮೊದಲೇ ಇದ್ದ ನೋವಿನ ಮೇಲೆ ಮತ್ತಷ್ಟು ಭಾರ ಹೇರುವುದು ಅಗ್ರವೇಟ್ ಎಂದು ನೆನಪಿಟ್ಟರೆ ಇಲ್ಲದ ನೋವನ್ನು ಯಾರೂ ಅಗ್ರವೇಟ್ ಮಾಡುವುದಿಲ್ಲ. ‘ಹೀ ಅಗ್ರವೇಟೆಡ್ ಮಿ’, ಅಂದರೆ ನನಗೆ ಸಿಟ್ಟು ಬರಿಸಿದ, ಎಂಬ ಬಳಕೆ ಮಾತಿನಲ್ಲಿದೆ. ಅರ್ಜಿ, ವರದಿ, ಪರೀಕ್ಷೆಗಳಲ್ಲಿ ಅದು ಬೇಡ.

ಎರಡನೆಯ ಪ್ರಶ್ನೆ, ಕೆಟ್ಟಿದ್ದು ಏನು ಎಂಬುದಕ್ಕೆ ಒಂದು ನೋಟ್‌ಬುಕ್ ಬೇಕು. ಪದಪಟ್ಟಿ ಬರೆಯುವ ಎಂದಿನ ಕ್ರಮವನ್ನು ನಾನು ತಲೆಕೆಳಗು ಮಾಡಿಸುತ್ತೇನೆ. ಪುಟದ ತಲೆಯಲ್ಲಿ ಕ್ರಿಯಾಪದ ಬರೆಯಬಾರದು, ನಾಮಪದ ಬರೆಯಬೇಕು. ಒಂದು ಪುಟಕ್ಕೆ ಒಂದೇ: ಆ್ಯಂಗರ್, ಫಿಯರ್, ಗ್ರೀಫ್, ಪೇನ್, ಟೆನ್ಷನ್, ರಿಲೇಷನ್ಸ್, ಡೆಟ್ಸ್, ಕ್ರೈಸಿಸ್. ಅದರ ಕೆಳಗೆ ಆ ನಾಮಪದದ ಜೊತೆ ನಿಜವಾಗಿ ಓಡಾಡುವ ಕ್ರಿಯಾಪದಗಳು, ಆರಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದರ ಮುಂದೆ ಇಂಗ್ಲಿಷ್ ಪತ್ರಿಕೆಯಿಂದ ಎತ್ತಿದ ಒಂದು ವಾಕ್ಯ, ತಾವೇ ಕಟ್ಟಿದ ಒಂದು ವಾಕ್ಯ. ಪತ್ರಿಕೆಯ ವಾಕ್ಯ ಸಿಗದ ಪದವನ್ನು ಪುಟಕ್ಕೆ ಸೇರಿಸುವಂತಿಲ್ಲ. ಈ ನಿಯಮ ಸಡಿಲಿಸಿದರೆ ನೋಟ್‌ಬುಕ್ ಮತ್ತೆ ಹಳೆಯ ಪದಪಟ್ಟಿಯೇ ಆಗುತ್ತದೆ.

ಪುಟಗಳು ತುಂಬುತ್ತಾ ಬಂದಂತೆ ಯಾವುದು ಯಾವುದರ ಜೊತೆ ಹೋಗುತ್ತದೆಂದು ತಾನಾಗಿ ಕಾಣತೊಡಗುತ್ತದೆ. ಆ್ಯಂಗರ್ ಮೌಂಟ್ ಆಗುತ್ತದೆ, ಬಾಯ್ಲ್ ಓವರ್ ಆಗುತ್ತದೆ. ಗ್ರೀಫ್ ಡೀಪನ್ ಆಗುತ್ತದೆ. ಪೇನ್ ವರ್ಸನ್ ಅಥವಾ ಇಂಟೆನ್ಸಿಫೈ ಆಗುತ್ತದೆ. ರಿಲೇಷನ್ಸ್ ಡಿಟೀರಿಯೊರೇಟ್ ಆಗುತ್ತವೆ, ಇಲ್ಲವೇ ಸೌರ್ ಆಗುತ್ತವೆ, ಹುಳಿಯುತ್ತವೆ. ಡೆಟ್ಸ್ ಮೌಂಟ್ ಆಗುತ್ತವೆ, ಪೈಲ್ ಅಪ್ ಆಗುತ್ತವೆ, ಆದರೆ ಎಂದೂ ಡಿಟೀರಿಯೊರೇಟ್ ಆಗುವುದಿಲ್ಲ. ಕ್ರೈಸಿಸ್ ಡೀಪನ್ ಆಗುತ್ತದೆ. ಭಾವನೆಗಳ ಪುಟದಲ್ಲಿ ಕನ್ನಡ ಕಿವಿ ದೊಡ್ಡ ಸಹಾಯ ಮಾಡುತ್ತದೆ. ನಮ್ಮಲ್ಲೂ ಸಿಟ್ಟು ಒಳಗೊಳಗೇ ಕುದಿಯುತ್ತದೆ, ಆಮೇಲೆ ಉಕ್ಕುತ್ತದೆ. ಇಂಗ್ಲಿಷಿನಲ್ಲಿ ಸಿಮರ್, ಬಾಯ್ಲ್ ಓವರ್. ನಮ್ಮಲ್ಲೂ ದುಃಖ ಮಡುಗಟ್ಟುತ್ತದೆ, ಅಲ್ಲಿ ಡೀಪನ್. ಅಳು ಉಮ್ಮಳಿಸಿ ಬರುತ್ತದೆ. ಅಲ್ಲಿ ವೆಲ್ ಅಪ್. ಆರೈಕೆಯಿಲ್ಲದ ಗಾಯ ಕೀವುಗಟ್ಟುವುದು ಫೆಸ್ಟರ್. ಮನಸ್ಸಿನಲ್ಲೇ ಕೊಳೆಯುವ ಅಸಮಾಧಾನಕ್ಕೂ ಅದೇ ಪದ. ಪ್ರತಿಭಟನೆ ಹಿಂಸೆಗೆ ‘ತಿರುಗಿತು’ ಎನ್ನುತ್ತೇವೆ, ಇಂಗ್ಲಿಷೂ ‘ಟರ್ನ್ಡ್ ವಯೊಲೆಂಟ್’ ಎನ್ನುತ್ತದೆ. ಹೀಗೆ ದಾರಿ ಕೂಡುವ ಕಡೆ ನೆನಪಿಡುವ ಶ್ರಮವೇ ಇಲ್ಲ.

ದಾರಿ ಕವಲೊಡೆಯುವ ದೊಡ್ಡ ಜಾಗ ಟೆನ್ಷನ್. ಕನ್ನಡದ ಮಾತಿನಲ್ಲಿ ಟೆನ್ಷನ್ ಎಂದರೆ ಒಬ್ಬರ ಚಿಂತೆ, ಆತಂಕ. ಇಂಗ್ಲಿಷ್ ಸುದ್ದಿಯಲ್ಲಿ ಅದು ಎರಡು ಬಣಗಳ, ಎರಡು ದೇಶಗಳ ನಡುವಿನ ಬಿಗುವು: ಟೆನ್ಷನ್ ಮೌಂಟೆಡ್, ಟೆನ್ಷನ್ಸ್ ಎಸ್ಕಲೇಟೆಡ್. ನಿಮ್ಮ ಚಿಂತೆಗೆ ‘ಐ ಗಾಟ್ ಟೆನ್ಷನ್’ ಎನ್ನದೆ ‘ಐ ಗ್ರೂ ಆ್ಯಂಕ್ಷಸ್’ ಎನ್ನಿ. ಗ್ರೋ ಎಂದರೆ ಮೆಲ್ಲಗೆ ಬೆಳೆಯಿತು. ಮಾತಿನಲ್ಲಾದರೆ ‘ಗಾಟ್ ಆ್ಯಂಕ್ಷಸ್’ ಸಾಕು.

ವೇಗದ ಪ್ರಶ್ನೆಗೆ ನಾನು ಕೊಡುವ ಅಭ್ಯಾಸ ಕಾವೇರಿ ವಿವಾದ. ಎಲ್ಲರಿಗೂ ಗೊತ್ತಿರುವ ವಿಷಯವಾದ್ದರಿಂದ ಗಮನವೆಲ್ಲ ಪದದ ಮೇಲೇ ನಿಲ್ಲುತ್ತದೆ. ಮೈಸೂರು, ಮದ್ರಾಸ್ ನಡುವಿನ 1892 ಮತ್ತು 1924ರ ಒಪ್ಪಂದಗಳು, 1990ರಲ್ಲಿ ನ್ಯಾಯಮಂಡಳಿ, 1991ರ ಮಧ್ಯಂತರ ಆದೇಶ ಮತ್ತು ಆ ವರ್ಷದ ಡಿಸೆಂಬರ್‌ನ ಗಲಭೆ. ಇಷ್ಟು ದೀರ್ಘಕಾಲ ಒಳಗೇ ಇದ್ದು ಆಗಾಗ ಭುಗಿಲೆದ್ದದ್ದಕ್ಕೆ ‘ದ ಡಿಸ್ಪ್ಯೂಟ್ ಹ್ಯಾಡ್ ಸಿಮರ್ಡ್ ಫಾರ್ ಡಿಕೇಡ್ಸ್’. ಮಳೆ ಕೈಕೊಟ್ಟ ವರ್ಷಗಳಲ್ಲಿ ‘ಪೂರ್ ರೇನ್ಸ್ ಎಕ್ಸಾಸರ್ಬೇಟೆಡ್ ಇಟ್’. ಇಲ್ಲಿ ಕೆಡಿಸಿದ್ದು ಮಳೆಯ ಕೊರತೆ, ಇಸು ಬಂತು. 2016ರ ಸೆಪ್ಟೆಂಬರ್ 5ರಂದು ಹತ್ತು ದಿನ 15,000 ಕ್ಯುಸೆಕ್ ನೀರು ಬಿಡುವಂತೆ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ‘ಆ್ಯಂಗರ್ ಮೌಂಟೆಡ್’. ಸೆಪ್ಟೆಂಬರ್ 12ರಂದು ಪ್ರಮಾಣ 12,000ಕ್ಕೆ ಇಳಿಯಿತು. ಅದೇ ದಿನ ಬೆಂಗಳೂರಿನಲ್ಲಿ ಬಸ್ಸು, ಲಾರಿಗಳಿಗೆ ಬೆಂಕಿ ಬಿತ್ತು: ‘ವಯೊಲೆನ್ಸ್ ಫ್ಲೇರ್ಡ್ ಅಪ್’. ಫ್ಲೇರ್ ಅಪ್ ಎಂದರೆ ದಿಢೀರನೆ ಭುಗಿಲೇಳುವುದು. ಮೌಂಟ್ ದಿನದಿಂದ ದಿನಕ್ಕೆ. ಇವೆರಡನ್ನು ಅದಲುಬದಲು ಮಾಡಿದರೆ ಓದುವವರಿಗೆ ಘಟನೆಯ ಕಾಲವೇ ತಪ್ಪಿಹೋಗುತ್ತದೆ. ಅಭ್ಯಾಸ ಎಂಟು ವಾಕ್ಯ ಮೀರಬಾರದು, ಒಂದು ಕ್ರಿಯಾಪದ ಎರಡು ಸಲ ಬರಬಾರದು.

ಎಸ್ಕಲೇಟ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಬೆಂಗಳೂರಿನ ಆಫೀಸುಗಳಲ್ಲಿ ಅದು ದಿನಬಳಕೆಯ ಪದ. ಪದ ಹುಟ್ಟಿದ್ದು ಎಸ್ಕಲೇಟರ್‌ನಿಂದ. ಎಸ್ಕಲೇಟರ್ ಎಂಬುದು ಓಟಿಸ್ ಕಂಪನಿಯ ಟ್ರೇಡ್‌ಮಾರ್ಕ್ ಆಗಿತ್ತು. 1950ರಲ್ಲಿ ಅಮೆರಿಕದಲ್ಲಿ ಆ ಹಕ್ಕು ಹೋಗಿ ಸಾಮಾನ್ಯ ಪದವಾಯಿತು. ಶೀತಲ ಸಮರದ ಕಾಲದಲ್ಲಿ ಎಸ್ಕಲೇಟ್‌ಗೆ ಯುದ್ಧದ ಅರ್ಥ ಗಟ್ಟಿಯಾಯಿತು. ಒಬ್ಬರು ಒಂದು ಮೆಟ್ಟಿಲು ಏರಿದರೆ ಎದುರಿನವರು ಮತ್ತೊಂದು ಏರುವುದು. ಹಾಗಾಗಿ ಜಗಳ, ಹಿಂಸೆ, ಯುದ್ಧ, ಏರುವ ಖರ್ಚು ಇವಕ್ಕೆ ಇದು ಹೊಂದುತ್ತದೆ. ‘ಮೈ ಹೆಡೇಕ್ ಎಸ್ಕಲೇಟೆಡ್’ ಹೊಂದುವುದಿಲ್ಲ. ಆಫೀಸಿನ ‘ಎಸ್ಕಲೇಟ್ ಮಾಡ್ತೀನಿ’ ಎಂದರೆ ವಿಷಯವನ್ನು ಮೇಲಿನವರಿಗೆ ಒಯ್ಯುತ್ತೇನೆ ಎಂದಷ್ಟೇ, ಹದಗೆಡಿಸುತ್ತೇನೆ ಎಂದಲ್ಲ. ಅಲ್ಲಿ ಯಾರಿಗೆ ಎಂಬುದನ್ನು ‘ಟು’ ಹಾಕಿ ಹೇಳಬೇಕು: ‘ಐ ಹ್ಯಾವ್ ಎಸ್ಕಲೇಟೆಡ್ ದ ಇಶ್ಯೂ ಟು ಮೈ ಮ್ಯಾನೇಜರ್’. ಬರೀ ‘ದ ಇಶ್ಯೂ ಹ್ಯಾಸ್ ಎಸ್ಕಲೇಟೆಡ್’ ಎಂದು ಇಮೇಲ್ ಕಳಿಸಿದರೆ ಸಮಸ್ಯೆ ಕೈಮೀರಿದೆ ಎಂದು ಗ್ರಾಹಕರು ಓದಿಕೊಳ್ಳುತ್ತಾರೆ.

ವಿಶೇಷಣಗಳಲ್ಲಿ ಎರಡೇ ಎಚ್ಚರ. ಅನಾಯ್ಡ್, ಆ್ಯಂಗ್ರಿ, ಫ್ಯೂರಿಯಸ್ ಎಂದು ಸಿಟ್ಟು ಏರುತ್ತಾ ಹೋಗುತ್ತದೆ. ವರೀಡ್, ಫ್ರೈಟನ್ಡ್, ಟೆರಿಫೈಡ್ ಎಂದು ಭಯ. ಕೊನೆಯ ಮೆಟ್ಟಿಲಿನ ಪದಗಳಿಗೆ ‘ವೆರಿ’ ಅಂಟುವುದಿಲ್ಲ. ‘ವೆರಿ ಆ್ಯಂಗ್ರಿ’ ಸರಿ, ಫ್ಯೂರಿಯಸ್‌ಗೆ ‘ಆ್ಯಬ್ಸೊಲ್ಯೂಟ್ಲಿ’ ಬೇಕು. ‘ರಿಯಲಿ’ ಎರಡಕ್ಕೂ ನಡೆಯುತ್ತದೆ. ಇನ್ನೊಂದು, ‘ದ ಸಿಚುಯೇಷನ್ ಬಿಕೇಮ್ ವರ್ಸ್ಟ್’. ಮೊದಲಿಗಿಂತ ಕೆಟ್ಟಿತು ಎನ್ನಲು ‘ವರ್ಸ್’. ‘ಮೋರ್ ವರ್ಸ್’ ಬೇಡ, ವರ್ಸ್ ಒಳಗೇ ಮೋರ್ ಇದೆ. ಒತ್ತು ಬೇಕಾದರೆ ‘ಮಚ್ ವರ್ಸ್’.

ಉಚ್ಚಾರಣೆಯಲ್ಲಿ ಎಕ್ಸಾಸರ್ಬೇಟ್ ಅನ್ನು ‘ಇಗ್‌ಝ್ಯಾಸರ್‌ಬೇಟ್’ ಎನ್ನಬೇಕು, ಒತ್ತು ‘ಝ್ಯಾ’ ಮೇಲೆ. ಇದರ ನೆರೆಯ ಎಕ್ಸಾಸ್ಪರೇಟ್ ಬೇರೆ ಪದ. ಅದು ಮನುಷ್ಯರ ತಾಳ್ಮೆ ಕೆಡಿಸುವುದು, ಸಮಸ್ಯೆಯನ್ನಲ್ಲ. ಡಿಟೀರಿಯೊರೇಟ್‌ನಲ್ಲಿ ನಡುವಿನ ‘ಒರ್’ ನುಂಗಿ ‘ಡಿಟೀರಿಯೇಟ್’ ಎನ್ನುವವರು ಬರೆಯುವಾಗಲೂ ಅದೇ ಅಕ್ಷರಗಳನ್ನು ಬಿಡುತ್ತಾರೆ. ಐದು ತುಂಡು ಮಾಡಿ ಹೇಳಿಸಿದರೆ ಎರಡೂ ಸರಿಹೋಗುತ್ತವೆ: ಡಿ, ಟೀ, ರಿ, ಅ, ರೇಟ್.

ನುಡಿಗಟ್ಟುಗಳನ್ನು ಕಡಿಮೆ ಕೊಡುತ್ತೇನೆ, ಪರೀಕ್ಷೆಯ ಪ್ರಬಂಧಕ್ಕೆ ಒಂದು ಸಾಕು. ಕಾಯಿಲೆ ತಟ್ಟನೆ ಬಿಗಡಾಯಿಸಿದರೆ ‘ಟುಕ್ ಅ ಟರ್ನ್ ಫಾರ್ ದ ವರ್ಸ್’. ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ಎನ್ನಲು ‘ಆ್ಯಡೆಡ್ ಫ್ಯೂಯೆಲ್ ಟು ದ ಫೈರ್’. ಬರಗಾಲದಲ್ಲಿ ಅಧಿಕ ಮಾಸ ಎನ್ನುವ ಕಡೆ ವಾಕ್ಯದ ಆರಂಭದಲ್ಲೇ ‘ಟು ಮೇಕ್ ಮ್ಯಾಟರ್ಸ್ ವರ್ಸ್’ ಹಾಕಿ ಕಾಮಾ ಇಡಬೇಕು. ಎರಡನೆಯ ಕಷ್ಟ ಮೊದಲನೆಯದಕ್ಕೆ ಸಂಬಂಧ ಇರದಿದ್ದರೂ ಇದು ನಡೆಯುತ್ತದೆ.

ನಾಮಪದದ ಪ್ರತಿ ಪುಟದ ಕೊನೆಯ ಎರಡು ಸಾಲು ಖಾಲಿ ಬಿಡಿಸುತ್ತೇನೆ, ಇಳಿಯುವ ಪದಗಳಿಗೆ. ಆ್ಯಂಗರ್ ಸಬ್‌ಸೈಡ್ ಆಗುತ್ತದೆ, ಪೇನ್ ಈಸ್ ಆಗುತ್ತದೆ, ವಯೊಲೆನ್ಸ್ ಡೈ ಡೌನ್ ಆಗುತ್ತದೆ, ಟೆನ್ಷನ್ ತಾನಾಗಿ ಈಸ್ ಆಗುತ್ತದೆ ಇಲ್ಲವೇ ಯಾರಾದರೂ ಅದನ್ನು ಡಿಫ್ಯೂಸ್ ಮಾಡುತ್ತಾರೆ. ಇಲ್ಲೂ ಮೊದಲು ಕೇಳಬೇಕಾದದ್ದು ಅದೇ: ತಗ್ಗಿತೋ, ತಗ್ಗಿಸಿದರೋ?