ಹೊಸ ಅತಿಗಡಸು ವಸ್ತು ಮಾಡೋಕೆ ಹೊರಟಿದ್ದೀರಾ? ವಜ್ರವನ್ನು ಸ್ವಲ್ಪ ಮರೆತುಬಿಡಿ

ಮೊದಲ ಪ್ರಶ್ನೆ: ನಿಮ್ಮ ವಸ್ತು ಏನನ್ನು ಕೊಯ್ಯಬೇಕು? ಉಕ್ಕನ್ನು ಅಂತಾದರೆ ವಜ್ರ ಅಲ್ಲೇ ಸೋಲುತ್ತದೆ. ಕೊಯ್ಯುವಾಗ ಏಳುವ ಬಿಸಿಗೆ ಅದರ ಇಂಗಾಲ ಕಬ್ಬಿಣದೊಳಗೆ ಕರಗಿ ಅಂಚು ಸವೆದುಹೋಗುತ್ತದೆ. ಗಡಸುತನದಲ್ಲಿ ಹೆಚ್ಚುಕಡಿಮೆ ವಜ್ರದ ಅರ್ಧದಷ್ಟಿರುವ ಕ್ಯೂಬಿಕ್ ಬೋರಾನ್ ನೈಟ್ರೈಡ್ (ಬೋರಾನ್ ಮತ್ತು ಸಾರಜನಕ ಸೇರಿದ ವಸ್ತು) ಅದೇ ಉಕ್ಕಿನ ಮೇಲೆ ಆರಾಮಾಗಿ ಓಡುತ್ತದೆ. 1957ರಲ್ಲಿ ರಾಬರ್ಟ್ ವೆಂಟಾರ್ಫ್ ಅದನ್ನು ತಯಾರಿಸಿದ್ದು.

ಆಮೇಲೆ ಪರಮಾಣುಗಳ ಲೆಕ್ಕ. ಒತ್ತಿದರೆ ಕುಗ್ಗಬಾರದು, ಪಕ್ಕಕ್ಕೆ ತಳ್ಳಿದರೆ ಜಾರಬಾರದು, ಎರಡೂ ಬೇಕು. ಸುಮಾರು ಜನ ಎಡವೋದು ಇಲ್ಲೇ. ಆಸ್ಮಿಯಂ ನೋಡಿ, ಕುಗ್ಗದೇ ಇರೋದರಲ್ಲಿ ವಜ್ರಕ್ಕೆ ಹತ್ತಿರ ಹತ್ತಿರ, ಆದರೆ ಲೋಹದ ಬಂಧಗಳಿಗೆ ಇಂಥದ್ದೇ ದಿಕ್ಕು ಅಂತ ಇಲ್ಲದ ಕಾರಣ ಪದರಗಳು ಜಾರುತ್ತವೆ, ಗಡಸುತನ ಬರೀ 4 ಗಿಗಾಪಾಸ್ಕಲ್ (ಗಡಸುತನ ಅಳೆಯುವ ಮಾನ) ಆಸುಪಾಸು. ಅತಿಗಡಸು ಅನ್ನಿಸಿಕೊಳ್ಳೋಕೆ 40 ದಾಟಬೇಕು! ಹಾಗಾಗಿ ಇಂಥ ಭಾರದ ಲೋಹಕ್ಕೆ ಬೋರಾನ್ ಸೇರಿಸಿ, ಅದರ ಬಂಧಗಳು ಪದರಗಳನ್ನು ಜಾರದಂತೆ ಹಿಡಿಯುತ್ತವೆ. ರೀನಿಯಂ ಡೈಬೋರೈಡ್ ಮೇಲೆ ಸಂಶೋಧಕರ ಕಣ್ಣು ಬಿದ್ದದ್ದು ಹೀಗೆಯೇ. ಇದರಲ್ಲಿ ಇನ್ನೊಂದು ಲಾಭ ಇದೆ: ವಜ್ರಕ್ಕೆ ಬೇಕಾಗುವ ಐವತ್ತು ಸಾವಿರ ವಾತಾವರಣದ ಒತ್ತಡ ಬೇಡ, ವಿದ್ಯುತ್ ಕಿಡಿಯ ಆರ್ಕ್ ಹಚ್ಚಿ ಕರಗಿಸಿದರೂ ಆಗುತ್ತದೆ. ರೀನಿಯಂ ದುಬಾರಿ ಅನ್ನಿಸಿದರೆ ಟಂಗ್‌ಸ್ಟನ್ ಬೋರೈಡ್ ಕಡೆ ನೋಡಿ.

ಪರಮಾಣುಗಳ ಯಾವ ರಚನೆ ಗಡಸಾಗಬಹುದು ಅಂತ ಕಂಪ್ಯೂಟರ್ ಲೆಕ್ಕ ಖಂಡಿತ ಹಾಕಿ. ಆದರೆ ಆ ರಚನೆ ಬೇರೆ ರೂಪಕ್ಕೆ ಒಡೆದು ಹೋಗದೆ ನಿಲ್ಲುತ್ತಾ ಅನ್ನೋದನ್ನೂ ಲೆಕ್ಕ ಹಾಕಿ, ಇಲ್ಲಾಂದ್ರೆ ಕಾಗದದ ಮೇಲೇ ಉಳಿದೀತು.

ಇನ್ನು ಅಳತೆ, ಜಾಸ್ತಿ ಮೋಸ ಆಗೋದು ಇದರಲ್ಲೇ. ವಜ್ರದ ಮೊನೆಯನ್ನು ಭಾರ ಹಾಕಿ ವಸ್ತುವಿನ ಮೇಲೆ ಒತ್ತಿ, ಉಳಿದ ಗುರುತಿನ ಗಾತ್ರದಿಂದ ಗಡಸುತನ ಲೆಕ್ಕ ಹಾಕುತ್ತಾರೆ. 2007ರಲ್ಲಿ ರೀನಿಯಂ ಡೈಬೋರೈಡ್ 48 ಗಿಗಾಪಾಸ್ಕಲ್ ತೋರಿಸಿತು. ಆದರೆ ಅದು 0.49 ನ್ಯೂಟನ್ ಭಾರದಲ್ಲಿ. 4.9 ನ್ಯೂಟನ್ ಹಾಕಿದಾಗ 30ರ ಹತ್ತಿರಕ್ಕೆ ಇಳಿಯಿತು. ಕಡಿಮೆ ಭಾರದಲ್ಲಿ ಸಂಖ್ಯೆ ಚೆನ್ನಾಗೇ ಬರುತ್ತೆ, ಅಲ್ವಾ? ಅದಕ್ಕೆ ಮೇಲ್ಮೈಯನ್ನು ನುಣ್ಣಗೆ ಪಾಲಿಶ್ ಮಾಡಿ, ಸಂಖ್ಯೆ ಇಳಿಯೋದು ನಿಲ್ಲುವವರೆಗೂ ಭಾರ ಏರಿಸುತ್ತಾ ಹೋಗಿ. ಕೊನೆಗೆ ನಿಂತ ಸಂಖ್ಯೆಯನ್ನೇ ಬರೆದುಕೊಳ್ಳಿ.

ಮೊನೆ ಒತ್ತಿದ ಗುರುತಿನ ಮೂಲೆಗಳಿಂದ ಹೊರಟ ಬಿರುಕುಗಳನ್ನೂ ಅಳೆಯಿರಿ. ಉದ್ದ ಬಿರುಕು ಅಂದರೆ ಮೊದಲ ಏಟಿಗೇ ಅಂಚು ಚೂರಾಗುವ ವಸ್ತು. ಆಗ ವಸ್ತುವಿನೊಳಗಿನ ಹರಳು ಕಣಗಳನ್ನು ಸಣ್ಣದು ಮಾಡಿ ನೋಡಿ, ಅಥವಾ ಟಂಗ್‌ಸ್ಟನ್ ಕಾರ್ಬೈಡ್‌ಗೆ ಕೋಬಾಲ್ಟ್ ಬೆರೆಸುವ ಹಾಗೆ ಯಾವುದಾದರೂ ಲೋಹದ ಅಂಟು ಸೇರಿಸಿ. ಗಡಸುತನ ಸ್ವಲ್ಪ ಕಳೆದುಕೊಳ್ಳುತ್ತೀರಿ, ಕಳೆದುಕೊಳ್ಳಿ.