ಇಸಿಯು ಬದಲಿಸುವ ಮೊದಲು ಒಂದು ಬಲ್ಬ್ ಹಚ್ಚಿ ನೋಡಿ

ಗೆಳೆಯನ ಹಳೆ ಪೆಟ್ರೋಲ್ ಕಾರು ಮೂರೇ ಸಿಲಿಂಡರ್‌ನಲ್ಲಿ ಕುಂಟುತ್ತಿತ್ತು. ಪ್ಲಗ್ ಹೊಸದು, ಇಂಜೆಕ್ಟರ್ ಸರಿ ಇದೆ, ಆದರೆ ಪ್ಲಗ್ಗಿಗೆ ಕಿಡಿ ಹುಟ್ಟಿಸಿಕೊಡುವ ಒಂದು ಇಗ್ನಿಷನ್ ಕಾಯಿಲ್‌ಗೆ ಮಾತ್ರ ಇಸಿಯುವಿನಿಂದ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನಿಂದ, ಸಿಗ್ನಲ್ಲೇ ಬರುತ್ತಿಲ್ಲ. ಇಸಿಯು ಹೋಗಿದೆ ಅಂತ ತೀರ್ಮಾನಿಸಿ ಬೇರೆ ತಂದು ಹಾಕಿದೆವು. ಎಂಜಿನ್ ನಯವಾಗಿ ಓಡಿತು. ಹತ್ತೇ ನಿಮಿಷ. ಆಮೇಲೆ ಅದೇ ಕುಂಟು, ಅದೇ ಸಿಲಿಂಡರ್. ಒಳಗೇ ಶಾರ್ಟ್ ಆಗಿದ್ದ ಕಾಯಿಲ್ ಹಳೆಯ ಇಸಿಯುವನ್ನು ಸುಟ್ಟಿತ್ತು, ತಂದು ಹಾಕಿದ್ದನ್ನೂ ಸುಟ್ಟಿತು.

ಇದೇ ಗುಂಡಿಗೆ ಬಿದ್ದವರನ್ನು ಆಮೇಲೆ ಎಷ್ಟೋ ಸಲ ನೋಡಿದ್ದೇನೆ. ಅದಕ್ಕಿಂತ ಜಾಸ್ತಿ ನೋಡಿದ್ದು, ಏನೂ ಆಗದ ಇಸಿಯುವನ್ನು ಕಿತ್ತು ಪಕ್ಕಕ್ಕಿಡುವವರನ್ನು. ಬೋಲ್ಟ್ ಬಿಚ್ಚಿ ಹಾಕುವುದು ಸುಲಭ. ಅದಕ್ಕೆ ಮುಂಚಿನ ಕೆಲಸ, ಆಮೇಲಿನ ಕೆಲಸ, ಎರಡರಲ್ಲೇ ಜನ ಎಡವುವುದು.

ಹಂತ 1: ಸತ್ತಿದೆಯೋ, ಹಸಿದಿದೆಯೋ?

ಕೀ ಆನ್ ಮಾಡಿದರೆ ಚೆಕ್ ಎಂಜಿನ್ ದೀಪ ಹತ್ತುವುದಿಲ್ಲ. ಪೆಟ್ರೋಲ್ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅನ್ನುವ ಸದ್ದೂ ಇಲ್ಲ. ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಅದರಲ್ಲಿ ಎಂಜಿನ್ ಸಿಗುವುದಿಲ್ಲ. ಈ ಮೂರೂ ಸೇರಿದರೆ ಇಸಿಯು ಎದ್ದಿಲ್ಲ ಅಂತ ಅರ್ಥ, ಸತ್ತಿದೆ ಅಂತಲ್ಲ. ಕರೆಂಟ್ ಸಿಗದ ಇಸಿಯುವೂ ಸತ್ತ ಇಸಿಯುವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಮೊದಲು ಸ್ಕ್ಯಾನರ್ ಸಾಕೆಟ್ಟನ್ನೇ ಅನುಮಾನಿಸಿ. 16ನೇ ಪಿನ್‌ನಲ್ಲಿ ಬ್ಯಾಟರಿ ವೋಲ್ಟೇಜ್ ಇರಬೇಕು, 4 ಮತ್ತು 5ರಲ್ಲಿ ಅರ್ಥ್. ಹಲವು ಕಾರುಗಳಲ್ಲಿ ಇದಕ್ಕೂ ಸಿಗರೇಟ್ ಲೈಟರ್‌ಗೂ ಒಂದೇ ಫ್ಯೂಸ್. ಫೋನ್ ಚಾರ್ಜರ್ ಸಿಕ್ಕಿಸಿ ಆ ಫ್ಯೂಸ್ ಹಾರಿಸಿಕೊಂಡವರು ಇಸಿಯು ಹುಡುಕಿಕೊಂಡು ಅಲೆಯುತ್ತಾರೆ! ಸ್ಕ್ಯಾನರ್ ಜೊತೆ ಎಬಿಎಸ್ (ಬ್ರೇಕಿನ ಕಂಪ್ಯೂಟರ್) ಮಾತಾಡುತ್ತಿದೆ, ಎಂಜಿನ್ ಮಾತ್ರ ಇಲ್ಲ, ಜೊತೆಗೆ ಯು0100 (ಇಸಿಯು ಜೊತೆ ಸಂಪರ್ಕ ಇಲ್ಲ) ಕೋಡ್ ಇದೆ ಅಂದರೆ ಸಾಕೆಟ್ ಸರಿ ಇದೆ. ಮುಂದೆ ಹೋಗಬಹುದು.

ಈಗ ಬಲ್ಬ್. ಇಂಡಿಕೇಟರ್‌ಗೆ ಹಾಕುವ 21 ವ್ಯಾಟ್ ಬಲ್ಬ್ ತಗೊಂಡು ಎರಡು ವೈರ್ ಬೆಸುಗೆ ಹಾಕಿಕೊಳ್ಳಿ. ಎಲ್‌ಇಡಿ ಬೇಡ, ಅದು ಸುಳ್ಳು ಹೇಳುತ್ತದೆ. ಮಲ್ಟಿಮೀಟರ್ ಕೂಡ ಇಲ್ಲಿ ಸುಳ್ಳು ಹೇಳುತ್ತದೆ. ವೈರಿನ ಒಳಗಿನ ಎಳೆಗಳೆಲ್ಲ ಕೊಳೆತು ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಬಲ್ಬ್ ಎಳೆಯುತ್ತದೆ, ಸುಮಾರು 1.75 ಆಂಪಿಯರ್. ವೈರ್ ಚೆನ್ನಾಗಿದ್ದರೆ ಬೆಳ್ಳಗೆ ಉರಿಯುತ್ತದೆ, ಇಲ್ಲದಿದ್ದರೆ ಆರುತ್ತಿರುವ ಕೆಂಡದ ಹಾಗೆ ಕೆಂಪಗೆ ಕಾಣುತ್ತದೆ.

ಕೀ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ತೆಗೆದು, ಇಸಿಯು ಕನೆಕ್ಟರ್ ಬಿಚ್ಚಿ. ನೆಗೆಟಿವ್ ಮತ್ತೆ ಹಾಕಿ ಕೀ ಆನ್ ಮಾಡಿ. ನಿಮ್ಮ ಕಾರಿನದೇ ವೈರಿಂಗ್ ಡಯಾಗ್ರಂ ಮುಂದೆ ಇರಲಿ, ಅಂದಾಜಿನ ಕೆಲಸ ಬೇಡ. ಪವರ್ ಬರುವ ಪ್ರತಿ ಪಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಬಲ್ಬ್ ಹಿಡಿಯಿರಿ. ಆಮೇಲೆ ಪ್ರತಿ ಅರ್ಥ್ ಪಿನ್ನಿಗೂ ಬ್ಯಾಟರಿ ಪಾಸಿಟಿವ್‌ಗೂ ನಡುವೆ. ಇಲ್ಲೊಂದು ಬಲೆ ಇದೆ. ಹಲವು ಕಾರುಗಳಲ್ಲಿ ಮೇನ್ ರಿಲೇಯನ್ನು (ಇಸಿಯುವಿಗೆ ಪವರ್ ಬಿಡುವ ಸ್ವಿಚ್ಚನ್ನು) ಆನ್ ಮಾಡುವುದೇ ಇಸಿಯು. ಕನೆಕ್ಟರ್ ಬಿಚ್ಚಿಟ್ಟರೆ ಆ ಪವರ್ ಬರುವುದೇ ಇಲ್ಲ. ಅಂಥ ಕಡೆ ರಿಲೇ ಕಿತ್ತು, ಫ್ಯೂಸ್ ಇರುವ ವೈರಿನಿಂದ ಅದರ ಸಾಕೆಟ್ಟಿಗೆ ಜಂಪರ್ ಕೊಟ್ಟು ನೋಡಬೇಕು.

ಬಲ್ಬಿನ ತಂತಿಯನ್ನು ಕನೆಕ್ಟರ್‌ನ ಬಾಯಿಗೆ ತುರುಕಬೇಡಿ. ದಪ್ಪ ತಂತಿ ಹೋದರೆ ಒಳಗಿನ ತಗಡು ಅಗಲವಾಗುತ್ತದೆ, ಆಮೇಲೆ ಪಿನ್ ಸಡಿಲ. ಇಲ್ಲದ ಕಾಯಿಲೆ ನೀವೇ ತಂದುಕೊಂಡಂತೆ. ಹಿಂಬದಿಯಿಂದ, ವೈರಿನ ಪಕ್ಕದಲ್ಲಿ ತೆಳ್ಳನೆ ಸೂಜಿ ಇಳಿಸಿ.

ಬಲ್ಬ್ ಮಂಕಾಗಿದ್ದರೆ ಅರ್ಥ್ ವೈರ್ ಹಿಡಿದು ಕೊನೆಯವರೆಗೆ ಹೋಗಿ. ಎಂಜಿನ್ನಿಗೋ ಬಾಡಿಗೋ ಬೋಲ್ಟ್ ಮಾಡಿರುವ ಉಂಗುರದ ಕೆಳಗೆ ಹಸಿರು ಪುಡಿ ಕಂಡರೆ ನಿಮ್ಮ ಇಸಿಯು ಅಲ್ಲೇ ರಿಪೇರಿ ಆಯಿತು ಅಂದುಕೊಳ್ಳಿ. ಉಪ್ಪು ಕಾಗದದಿಂದ ತಿಕ್ಕಿ, ಬಿಗಿ ಮಾಡಿ. ಕನೆಕ್ಟರ್ ಹಾಕಿ, ಸ್ಟಾರ್ಟರ್ ತಿರುಗಿಸುವಾಗ ಬ್ಯಾಟರಿ ನೆಗೆಟಿವ್‌ಗೂ ಇಸಿಯು ಅರ್ಥ್ ಪಿನ್ನಿಗೂ ನಡುವೆ ವೋಲ್ಟ್ ಅಳೆಯಿರಿ. 0.1 ವೋಲ್ಟ್ ಒಳಗಿದ್ದರೆ ನಿಶ್ಚಿಂತೆ.

ಇನ್ನೊಂದು ಉಳಿದಿದೆ: 5 ವೋಲ್ಟ್. ಇಸಿಯು ತನ್ನ ಸೆನ್ಸರ್‌ಗಳಿಗೆ ಕೊಡುವ ಊಟ ಇದು. ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೆ ಆ ಲೈನಿನ ಎಲ್ಲದರ ಊಟವೂ ನಿಲ್ಲುತ್ತದೆ, ಕೆಲವು ಕಾರುಗಳಲ್ಲಿ ಇಸಿಯುವೇ ಕಣ್ಣು ಮುಚ್ಚಿ ಕೂರುತ್ತದೆ. ಕೀ ಆನ್ ಇಟ್ಟು, 5 ವೋಲ್ಟ್ ವೈರಿನ ಮೇಲೆ ಮೀಟರ್ ಇಟ್ಟು, ಸೆನ್ಸರ್‌ಗಳ ಪ್ಲಗ್ ಒಂದೊಂದಾಗಿ ಕೀಳುತ್ತಾ ಹೋಗಿ. ಯಾವುದು ಕಿತ್ತಾಗ ಸೊನ್ನೆಯ ಹತ್ತಿರ ಇದ್ದ ಮುಳ್ಳು ಟಪ್ ಅಂತ 5ಕ್ಕೆ ಏರುತ್ತದೋ ಅದೇ ಕಳ್ಳ. ಎಸಿ ಗ್ಯಾಸ್ ಪ್ರೆಶರ್ ಸೆನ್ಸರ್‌ನಿಂದ ಎಂಜಿನ್ ನಿಂತಿದ್ದನ್ನು ನಾನೇ ಕಂಡಿದ್ದೇನೆ. ಯಾರಿಗೆ ಹೊಳೆಯುತ್ತೆ ಹೇಳಿ? ಇಲ್ಲಿ ಮಾತ್ರ ಮೀಟರೇ ಬೇಕು, 5 ವೋಲ್ಟ್ ಲೈನಿಗೆ ಆ ಬಲ್ಬ್ ಮುಟ್ಟಿಸಬೇಡಿ.

ಪವರ್ ಸರಿ, ಅರ್ಥ್ ಸರಿ, ಸೆನ್ಸರ್‌ಗಳೆಲ್ಲ ಕಿತ್ತರೂ 5 ವೋಲ್ಟ್ ಇಲ್ಲ, ಆ ವೈರೂ ಎಲ್ಲೂ ಬಾಡಿಗೆ ತಾಗಿಲ್ಲ. ಆಗ ಇಸಿಯು ಹೋಗಿದೆ ಅನ್ನಿ. ಮಾತಾಡುವ ಇಸಿಯುವಿನಲ್ಲಿ ಪಿ0601 ಅಥವಾ ಪಿ0606 ಬಂದರೆ ಅದೂ ಒಳಗಿನ ದೋಷದ ಗುರುತೇ. ಆದರೆ ಬ್ಯಾಟರಿ ಸೋತಿದ್ದಾಗಲೂ ಇಂಥ ಕೋಡ್ ಬಂದು ಕೂರಬಹುದು. ಚಾರ್ಜ್ ಮಾಡಿ, ಅಳಿಸಿ, ಮತ್ತೆ ಬರುತ್ತದೆಯೇ ನೋಡಿ.

ಹಂತ 2: ಕೊಂದವರು ಯಾರು?

ಇಸಿಯು ಸುಮ್ನೆ ಸಾಯುವುದು ಕಡಿಮೆ. ಒಂದು ಕಾಯಿಲ್‌ನ ಡ್ರೈವರ್ (ಇಸಿಯು ಒಳಗೆ ಆ ಕಾಯಿಲ್ ನಡೆಸುವ ಭಾಗ) ಸುಟ್ಟಿದ್ದರೆ ಅಳೆಯುತ್ತಾ ಕೂರಬೇಡಿ, ಆ ಕಾಯಿಲ್ ಬದಲಿಸಿಬಿಡಿ. ತಣ್ಣಗಿದ್ದಾಗ ಸರಿಯಾಗಿ ತೋರಿಸಿ, ಬಿಸಿಯಾದಾಗ ಶಾರ್ಟ್ ಆಗುವ ಜಾತಿ ಅದು. ಇಂಜೆಕ್ಟರ್‌ಗಳ ಓಮ್ ಅಳೆದು ಒಂದಕ್ಕೊಂದು ಹೋಲಿಸಿ. ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ 12ರಿಂದ 16 ಓಮ್ ಇರುತ್ತದೆ. ಒಂದು ಮಾತ್ರ ತೀರಾ ಕಡಿಮೆ ಬಂದರೆ ತೆಗೆಯಿರಿ. ಆಲ್ಟರ್ನೇಟರ್ 15 ವೋಲ್ಟ್ ದಾಟುತ್ತಿದ್ದರೆ ಅದನ್ನು ಮೊದಲು ಸರಿಮಾಡಿ.

ಹಳೆ ಇಸಿಯುವಿನ ಪಿನ್‌ಗಳ ಸುತ್ತ ಬಿಳಿ ಅಥವಾ ಹಸಿರು ಪುಡಿ ಇದೆಯೇ? ಹಾಗಾದರೆ ನೀರು. ಅದು ಮೇಲಿನಿಂದಲೇ ಸುರಿಯಬೇಕೆಂದಿಲ್ಲ, ಎಲ್ಲೋ ದೂರದ ಸೆನ್ಸರ್ ಪ್ಲಗ್ಗಿನಿಂದ ವೈರಿನ ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರಿಕೊಂಡು ಬರುತ್ತದೆ. ಮುಂದಿನ ಗಾಜಿನ ಕೆಳಗೆ ನೀರು ಇಳಿದುಹೋಗುವ ತೂತು ಎಲೆ ಕಟ್ಟಿಕೊಂಡಿರುವುದೂ ಮಾಮೂಲಿ ಕಾರಣ.

ಹಂತ 3: ಯಾವುದು ತರಬೇಕು?

ನನ್ನ ಮಾತು ಕೇಳುವುದಾದರೆ, ಹಳೆಯದನ್ನೇ ಬೋರ್ಡ್ ರಿಪೇರಿ ಮಾಡುವವರ ಹತ್ತಿರ ಕೊಡಿ. ಸುಟ್ಟ ಡ್ರೈವರ್, ಸೋರಿದ ಕೆಪಾಸಿಟರ್, ಬಿರುಕು ಬಿಟ್ಟ ಬೆಸುಗೆ, ಇವೆಲ್ಲ ಸರಿಯಾಗುತ್ತವೆ. ಕೀ ಗುರುತು, ಚಾಸಿ ನಂಬರ್ ಎಲ್ಲ ಒಳಗೇ ಉಳಿಯುವುದರಿಂದ ಮುಂದಿನ ಅರ್ಧ ತಲೆನೋವು ತಪ್ಪುತ್ತದೆ. ಅದು ಆಗದಿದ್ದರೆ ಸೆಕೆಂಡ್ ಹ್ಯಾಂಡ್ ತಂದು ಹಳೆಯದರ ಮೆಮೊರಿಯನ್ನು ಪೂರ್ತಿ ಅದಕ್ಕೆ ನಕಲು ಮಾಡಿಸಿ. ಹೊಸದು ಕೊನೆಯ ಆಯ್ಕೆ.

ಲೇಬಲ್ ಮೇಲಿನ ಹಾರ್ಡ್‌ವೇರ್ ನಂಬರ್, ಸಾಫ್ಟ್‌ವೇರ್ ನಂಬರ್ ಎರಡೂ ಕೊನೆಯ ಅಕ್ಷರದವರೆಗೆ ಹೊಂದಬೇಕು. 'ಅದೇ ಕಾರು, ಅದೇ ಪ್ಲಗ್' ಅನ್ನುವುದು ಸಾಲದು. ಪ್ಲಗ್ ಕೂರುತ್ತದೆ, ಎಂಜಿನ್ ಓಡುವುದಿಲ್ಲ.

ನಕಲು ಮಾಡದೆ ಹಾಗೇ ಹಾಕಿದ ಸೆಕೆಂಡ್ ಹ್ಯಾಂಡ್ ಇಸಿಯು ಸ್ಟಾರ್ಟೇ ಆಗದಿರಬಹುದು, ಅಥವಾ ಒಂದೆರಡು ಸೆಕೆಂಡ್ ಓಡಿ ನಿಲ್ಲಬಹುದು. ಅದು ಇಮೊಬಿಲೈಜರ್ ಕೆಲಸ, ಸರಿಯಾದ ಕೀ ಇಲ್ಲದಿದ್ದರೆ ಎಂಜಿನ್ ಓಡಲು ಬಿಡದ ಕಳ್ಳತನ ತಡೆ. ಅದರ ನೆನಪಿನಲ್ಲಿರುವುದು ಬೇರೆ ಕಾರಿನ ಕೀ ಅಲ್ವಾ? 'ಇಮೊಬಿಲೈಜರ್ ತೆಗೆದುಹಾಕಿ ಕೊಡುತ್ತೇವೆ' ಅನ್ನುವವರಿಗೆ ಒಪ್ಪಬೇಡಿ, ಕಳ್ಳನಿಗೆ ಬಾಗಿಲು ತೆಗೆದಿಟ್ಟಂತೆ.  

ಹಂತ 4: ಬಿಚ್ಚಿ ಹಾಕುವುದು

ಕೀ ಆಫ್, ಕೆಲವು ನಿಮಿಷ ಕಾಯಿರಿ, ನೆಗೆಟಿವ್ ತೆಗೆಯಿರಿ, ಬಾಡಿಯ ಲೋಹ ಮುಟ್ಟಿ ಮೈಯ ಸ್ಟಾಟಿಕ್ ಕಳೆದುಕೊಳ್ಳಿ, ಲಾಕ್ ಎತ್ತಿ ಪ್ಲಗ್ ಬಿಡಿಸಿ, ಬೋಲ್ಟ್ ತೆಗೆಯಿರಿ. ವೈರ್ ಹಿಡಿದು ಎಳೆಯಬೇಡಿ. ಹಾಕುವುದು ಇದರ ಉಲ್ಟಾ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇಯನ್ನು ಪ್ಲಗ್ಗಿಗೆ ಹೊಡೆಯುವ ಅಭ್ಯಾಸ ಬಿಡಿ, ಅದಕ್ಕೆಂದೇ ಕಾಂಟ್ಯಾಕ್ಟ್ ಕ್ಲೀನರ್ ಇದೆ.

ಹಂತ 5: ಪ್ರೋಗ್ರಾಂ ಮಾಡುವಾಗ ಬ್ಯಾಟರಿ

ಹೊಸ ಇಸಿಯು ಹಾಕಿದರೆ ಸಾಫ್ಟ್‌ವೇರ್ ಬರೆಯಬೇಕು, ಚಾಸಿ ನಂಬರ್ ತುಂಬಬೇಕು, ಕೀ ಜೋಡಿಸಬೇಕು. ಬರೆಯುವ ನಡುವೆ ವೋಲ್ಟೇಜ್ ಕುಸಿದರೆ ಹೊಸ ಇಸಿಯು ಕೆಲಸಕ್ಕೆ ಬಾರದ ಕಲ್ಲಾಗಬಹುದು. ಪ್ರೋಗ್ರಾಮಿಂಗ್‌ಗೆಂದೇ ಇರುವ ಸ್ಥಿರ ಪವರ್ ಸಪ್ಲೈ ಜೋಡಿಸಿ. ಸಾದಾ ಚಾರ್ಜರ್ ಬೇಡ, ಅದರ ವೋಲ್ಟೇಜ್ ನಡುಗುತ್ತಿರುತ್ತದೆ. ಇನ್ನೊಂದು ಕಾರಿನಿಂದ ಜಂಪರ್ ಕೇಬಲ್ ಕೊಡುವುದಂತೂ ಬೇಡವೇ ಬೇಡ. ಹೆಡ್‌ಲೈಟ್, ಎಸಿ ಫ್ಯಾನ್ ಆಫ್ ಇರಲಿ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಸಿಕ್ಕಿಸಿ, ಅದು ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿ. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಕೋಡ್ ಓದಲಿಕ್ಕೆ ಸಾಕು, ಬರೆಯಲಿಕ್ಕೆ ಅಲ್ಲ.

ಡೀಸೆಲ್ ಕಾರಾದರೆ ಪ್ರತಿ ಇಂಜೆಕ್ಟರ್ ತಲೆಯ ಮೇಲೂ ಕೆತ್ತಿರುವ ಕೋಡ್ ನೋಡಿ. ಅದನ್ನು ಯಾವ ಸಿಲಿಂಡರಿಗೆ ಯಾವುದು ಅಂತ ನೋಡಿ ಹಾಗೇ ತುಂಬಬೇಕು. ತಪ್ಪಿದರೆ ಎಂಜಿನ್ ಬಡಿಯುತ್ತದೆ, ಹೊಗೆ ಉಗುಳುತ್ತದೆ. ಹಳೆ ಇಸಿಯು ಇನ್ನೂ ಮಾತಾಡುತ್ತಿದ್ದರೆ ಬಿಚ್ಚುವ ಮೊದಲೇ ಸ್ಕ್ಯಾನರ್‌ನಲ್ಲಿ ಈ ಕೋಡ್‌ಗಳನ್ನು ಓದಿ ಫೋಟೋ ತೆಗೆದಿಟ್ಟುಕೊಳ್ಳಿ. ಇಂಜೆಕ್ಟರ್ ಮೇಲಿನ ಮಸಿ ಒರೆಸಿ ಓದುವ ಕಷ್ಟ ತಪ್ಪುತ್ತದೆ.

ಹಂತ 6: ಪಾಠ ಕಲಿಸುವುದು

ಮೊದಲ ಸಲ ಸ್ಟಾರ್ಟ್ ಆದಾಗ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಏರಿಳಿದರೆ ಗಾಬರಿ ಬೇಡ. ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ಎಲ್ಲಿ ಮುಚ್ಚುತ್ತದೆ ಅನ್ನುವುದು ಹೊಸ ಇಸಿಯುವಿಗೆ ಗೊತ್ತಿಲ್ಲ. ನಿಮ್ಮ ಮಾದರಿಯ ಸರ್ವಿಸ್ ಮ್ಯಾನುಯಲ್‌ನಲ್ಲಿರುವ ಕ್ರಮದಲ್ಲೇ ಥ್ರಾಟಲ್ ಕಲಿಕೆ ಮಾಡಿಸಿ. ಥ್ರಾಟಲ್ ಬಾಡಿಯ ಮಸಿಯನ್ನು ಅದಕ್ಕೂ ಮುಂಚೆ ತೊಳೆಯಿರಿ, ಆಮೇಲೆ ತೊಳೆದರೆ ಪಾಠ ಮತ್ತೆ ಮೊದಲಿನಿಂದ. ಕೋಡ್ ಅಳಿಸಿ, ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ, ವಾಪಸ್ ಬಂದು ಪೆಂಡಿಂಗ್ ಕೋಡ್‌ಗಳನ್ನೂ (ಇನ್ನೂ ದೀಪ ಹೊತ್ತಿಸದ ದೋಷಗಳನ್ನೂ) ಓದಿ.

ಹಳೆ ಇಸಿಯುವನ್ನು ಎರಡು ಮೂರು ವಾರ ಎಸೆಯಬೇಡಿ, ಹಳೇದಕ್ಕೆ ಹೊಸದು ಅನ್ನುವ ಎಕ್ಸ್‌ಚೇಂಜಿಗೂ ಕೊಡಬೇಡಿ. ಹೊಸದರ ಪ್ರೋಗ್ರಾಂ ಕೈಕೊಟ್ಟರೆ ನಿಮ್ಮ ಕಾರಿನ ಕೀ ಗುರುತು ಇರುವುದು ಅದರಲ್ಲೇ.